ಬಾಲ್ಯದ ಒಲವು, ಬೋಧನೆಯ ಕಾಯಕ



ಎಸ್.ಎಸ್.ಎಲ್.ಸಿ. ಹಾಗೂ ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಮಠಗಳಿಗೆ ಬರುವ ಸದ್ಭಕ್ತರ ಸಂಖ್ಯೆ ಹೆಚ್ಚುವುದು ಸಹಜ. ಮಕ್ಕಳನ್ನು ಮುಂದೆ ನಿಲ್ಲಿಸಿ ಆಶೀರ್ವಾದ ಬೇಡುವ ತಂದೆತಾಯಿಗಳು, ಇವರನ್ನು ಯಾವ ಕೋರ್ಸಿಗೆ ಸೇರಿಸಿದರೆ ಒಳಿತು ಎಂದು ಕೇಳುತ್ತಾರೆ. ಆ ಮಾತುಕತೆಯಲ್ಲಿ ಇಂಜಿನಿಯರಿಂಗ್ ಬರುತ್ತದೆ, ವೈದ್ಯಕೀಯ ಬರುತ್ತದೆ, ಸಿ.ಎ. ಬರುತ್ತದೆ. ಮಗು ಮೇಷ್ಟ್ರಾಗಬೇಕು ಎಂಬ ಮಾತು ಬರುವುದು ತೀರ ಅಪರೂಪ. ಬಂದರೂ ಅದು ಬರುವ ಬಗೆಯೇ ಬೇರೆ: "ಏನೂ ಸಿಗದಿದ್ದರೆ ಬಿ.ಎಡ್. ಇದ್ದೇ ಇದೆಯಲ್ಲ." ಹಗುರವಾಗಿ ಆಡುವ ಈ ಒಂದು ಮಾತು ಎಷ್ಟು ಭಾರವಾದುದು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ನಾವು ಕಾಯಕ ತತ್ತ್ವವನ್ನು ಒಪ್ಪಿಕೊಂಡವರು. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನೇ ನೋಡಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ: ಪ್ರತಿಯೊಂದು ಹೆಸರಿನ ಮುಂದೆಯೂ ಒಂದು ಕಾಯಕ ನಿಂತಿದೆ. ದೋಣಿ ನಡೆಸುವುದನ್ನಾಗಲಿ ಹಗ್ಗ ಹೊಸೆಯುವುದನ್ನಾಗಲಿ ಬೇರೇನೂ ಸಿಗದಿದ್ದಕ್ಕೆ ಹಿಡಿದ ಕೆಲಸವೆಂದು ಅವರು ಬಗೆಯಲಿಲ್ಲ. ಅದರಲ್ಲಿಯೇ ತಮ್ಮ ಬದುಕಿನ ಘನತೆಯನ್ನು ಕಂಡರು. ಹೀಗಿರುವಾಗ, ಒಂದು ತಲೆಮಾರಿನ ಅರಿವನ್ನು ಮುಂದಿನ ತಲೆಮಾರಿಗೆ ದಾಟಿಸುವ ಕಾಯಕವನ್ನು ಉಳಿದೆಲ್ಲ ಬಾಗಿಲುಗಳು ಮುಚ್ಚಿದ ಮೇಲೆ ತಟ್ಟುವ ಕೊನೆಯ ಬಾಗಿಲೆಂದು ನಾವೇ ಹೇಳತೊಡಗಿದರೆ, ಕಾಯಕದ ವಿಷಯವಾಗಿ ನಾವು ಮಾಡುವ ಉಪನ್ಯಾಸಗಳಿಗೆ ಅರ್ಥವೆಲ್ಲಿಯದು?

ನನ್ನ ಅಭಿಪ್ರಾಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಒಳ್ಳೆಯ ಶಿಕ್ಷಕರು ಬಿ.ಎಡ್. ಪ್ರವೇಶದ ದಿನ ಹುಟ್ಟುವುದಿಲ್ಲ. ಬಾಲ್ಯದಲ್ಲಿ ಯಾವುದೋ ಒಂದು ವಿಷಯದ ಮೇಲೆ ಹುಟ್ಟಿದ ಒಲವು, ಆ ಒಲವನ್ನು ಗುರುತಿಸಿದ ಒಬ್ಬ ಹಿರಿಯ ಜೀವ, ತಾನು ಪಡೆದುದನ್ನು ಇನ್ನೊಬ್ಬರಿಗೆ ಕೊಡಬೇಕೆಂಬ ತವಕ, ಇವು ಮೂರೂ ಕೂಡಿದಲ್ಲಿ ಶಿಕ್ಷಕ ರೂಪುಗೊಳ್ಳುತ್ತಾನೆ. ಇವುಗಳಲ್ಲಿ ಮೊದಲನೆಯದು ಮಗುವಿನದು, ಉಳಿದವುಗಳನ್ನು ಪೋಷಿಸುವುದು ಮನೆ ಮತ್ತು ಸಮಾಜದ ಹೊಣೆ. ಆ ಹೊಣೆಯನ್ನು ನಾವು ಸರಿಯಾಗಿ ನಿರ್ವಹಿಸುತ್ತಿಲ್ಲ.

ಬರಿಯ ತತ್ತ್ವವನ್ನು ಹೇಳುವುದಕ್ಕಿಂತ ನಮ್ಮ ನಾಡಿನಲ್ಲಿ ಬಾಳಿದವರ ಬದುಕನ್ನು ನೋಡುವುದು ಲೇಸು.

ಡಾ. ಜಿ.ಎಸ್. ಶಿವರುದ್ರಪ್ಪನವರು 1926ರ ಫೆಬ್ರವರಿ 7ರಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಸೀಮೆಯಲ್ಲಿ ಜನಿಸಿದರು. ತಂದೆ ಶಾಂತವೀರಪ್ಪನವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಪ್ರಾಥಮಿಕ ಶಾಲೆಯ ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಮಗುವಿಗೆ ಆಸ್ತಿಯೆಂದು ದೊರೆಯುವುದು ಅಲ್ಪವೇ. ಆದರೆ ಪುಸ್ತಕಕ್ಕೆ ಮನೆಯಲ್ಲಿ ಸ್ಥಾನವಿರುತ್ತದೆ, ಅಕ್ಷರ ಕಲಿಸುವುದು ಗೌರವದ ಕೆಲಸವೆಂಬುದು ಹೇಳದೆಯೇ ಮನಸ್ಸಿಗೆ ಇಳಿಯುತ್ತದೆ. ಶಿವರುದ್ರಪ್ಪನವರು ಮೈಸೂರಿನಲ್ಲಿ ಓದಿ 1949ರಲ್ಲಿ ಪದವಿ ಪಡೆದು ದಾವಣಗೆರೆಯ ಕಾಲೇಜಿನಲ್ಲಿ ಅಧ್ಯಾಪಕರಾದರು. 1953ರಲ್ಲಿ ಚಿನ್ನದ ಪದಕಗಳೊಂದಿಗೆ ಎಂ.ಎ. ಪದವಿ ಪಡೆದರು. ಮೈಸೂರಿನಲ್ಲಿ ಪಾಠ ಹೇಳಿ, 1963ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ತೆರಳಿ, 1966ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಬಂದು ಅಲ್ಲಿನ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದರು. ವೃತ್ತಿಯನ್ನು ಆರಂಭಿಸಿದ ಅದೇ ದಾವಣಗೆರೆಯಲ್ಲಿ 1992ರಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. 2006ರಲ್ಲಿ ರಾಷ್ಟ್ರಕವಿ ಎಂಬ ಗೌರವ ಸಂದಿತು. 2013ರ ಡಿಸೆಂಬರ್ 23ರಂದು ಅವರು ನಮ್ಮನ್ನಗಲಿದರು. ನಾಡು ಅವರನ್ನು ಕವಿಯೆಂದು ಕೊಂಡಾಡಿತು. ಅವರಲ್ಲಿ ಪಾಠ ಕೇಳಿದವರ ಬಾಯಲ್ಲಿ ಮಾತ್ರ ಅವರು ಕೊನೆಯವರೆಗೂ "ಮೇಷ್ಟ್ರು" ಆಗಿಯೇ ಉಳಿದರು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಶಿವರುದ್ರಪ್ಪನವರು ಕುವೆಂಪು ಅವರ ಶಿಷ್ಯರು. ಕುವೆಂಪು ಅವರಾದರೋ ಬಾಲ್ಯದ ಒಲವು ದಾರಿ ಬದಲಿಸಿದ್ದಕ್ಕೆ ಉತ್ತಮ ನಿದರ್ಶನ. ವಿದ್ಯಾರ್ಥಿ ದೆಸೆಯಲ್ಲಿ ಅವರು ಕವಿತೆ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1922ರಲ್ಲಿ ಪ್ರಕಟವಾದ ಅವರ ಮೊದಲ ಕೃತಿಯೂ ಇಂಗ್ಲಿಷಿನದೇ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ಪುಟ್ಟಪ್ಪ ತನ್ನ ಕವಿತೆಗಳನ್ನು ಅವರಿಗೆ ತೋರಿಸಿದರು. ತಾಯ್ನುಡಿಯಲ್ಲಿ ಬರೆಯಬೇಕೆಂದು ಕಸಿನ್ಸ್ ಸಲಹೆ ನೀಡಿದರು. ಮುಂದೆ ಪ್ರೊ. ಟಿ.ಎಸ್. ವೆಂಕಣ್ಣಯ್ಯನವರ ಒತ್ತಾಸೆಯಿಂದ, ಆಗಷ್ಟೇ ಆರಂಭವಾಗಿದ್ದ ಕನ್ನಡ ಎಂ.ಎ. ತರಗತಿಗೆ ಅವರು ಸೇರಿದರು. 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಮುಂದೆ ಅದೇ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ತಮ್ಮ ಮಹಾಕಾವ್ಯ ಶ್ರೀ ರಾಮಾಯಣ ದರ್ಶನಂ ಅನ್ನು ಅವರು ಅರ್ಪಿಸಿದ್ದು ಗುರು ವೆಂಕಣ್ಣಯ್ಯನವರಿಗೆ.

ವೆಂಕಣ್ಣಯ್ಯನವರಿಂದ ಕುವೆಂಪು, ಕುವೆಂಪು ಅವರಿಂದ ಶಿವರುದ್ರಪ್ಪ, ಶಿವರುದ್ರಪ್ಪನವರಿಂದ ನಾಡಿನ ನೂರಾರು ಕಾಲೇಜುಗಳ ಕನ್ನಡ ಅಧ್ಯಾಪಕರು. ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿಕೊಂಡ ಸಾಲು ಇದು. ಈ ಸಾಲಿನಲ್ಲಿ ಒಬ್ಬರು ನಡುವೆ ನಿಂತು, ಬೇರೆ ಕೆಲಸಕ್ಕೆ ಸಂಬಳ ಹೆಚ್ಚು ಎಂದು ಹೊರಟುಹೋಗಿದ್ದರೆ ಅದರಾಚೆಗಿನ ದೀಪಗಳ ಗತಿಯೇನಾಗುತ್ತಿತ್ತು ಎಂಬುದನ್ನು ಊಹಿಸಿಕೊಳ್ಳಿ. ಒಬ್ಬ ಮಗುವಿನ ಬೋಧನೆಯ ಒಲವನ್ನು ನಾವು ಚಿವುಟಿದಾಗ, ನಮ್ಮ ಕಣ್ಣಿಗೆ ಬೀಳದ ನೂರಾರು ಮಕ್ಕಳ ಪಾಲಿನದನ್ನೂ ಚಿವುಟಿರುತ್ತೇವೆ.

ಎರಡನೆಯ ನಿದರ್ಶನ ನಮ್ಮ ಉತ್ತರ ಬೆಂಗಳೂರಿನವರಿಗೆ ಇನ್ನೂ ಹತ್ತಿರದ್ದು. ಯಲಹಂಕದಿಂದ ದೊಡ್ಡಬಳ್ಳಾಪುರದ ಮಾರ್ಗವಾಗಿ ಮುಂದೆ ಸಾಗಿದರೆ ಗೌರಿಬಿದನೂರು ಸಿಗುತ್ತದೆ. ಆ ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಬಡ ಕುಟುಂಬವೊಂದರಲ್ಲಿ ಜನಿಸಿದವರು ಡಾ. ಹೆಚ್. ನರಸಿಂಹಯ್ಯನವರು. ಹೈಸ್ಕೂಲು ಓದಬೇಕೆಂಬ ಹಂಬಲದಿಂದ 1935ರಲ್ಲಿ ಅವರು ಬೆಂಗಳೂರಿಗೆ ಹೊರಟರು. ಕೈಯಲ್ಲಿ ಪ್ರಯಾಣಕ್ಕೆ ಹಣವಿರಲಿಲ್ಲವಾಗಿ ನಡೆದುಕೊಂಡೇ ಬಂದರು. ಇಂದು ಅದೇ ಸೀಮೆಯಿಂದ ರೈಲಿನಲ್ಲಿ ಬಂದು ಯಲಹಂಕದಲ್ಲಿಯೋ ಯಶವಂತಪುರದಲ್ಲಿಯೋ ಇಳಿಯುವ ವಿದ್ಯಾರ್ಥಿಗಳಿಗೆ ಆ ನಡಿಗೆಯ ದೂರವನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಆ ಹುಡುಗನನ್ನು ಸೇರಿಸಿಕೊಂಡಿತು.

ಮರುವರ್ಷ, 1936ರಲ್ಲಿ, ಮಹಾತ್ಮ ಗಾಂಧೀಜಿಯವರು ಆ ಶಾಲೆಗೆ ಭೇಟಿಯಿತ್ತಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳುವ ಕೆಲಸ ಈ ವಿದ್ಯಾರ್ಥಿಯ ಪಾಲಿಗೆ ಬಂತು. ನರಸಿಂಹಯ್ಯನವರ ಮುಂದಿನ ಬದುಕಿನ ಬೀಜವನ್ನು ನಾನು ಈ ಒಂದು ಘಟನೆಯಲ್ಲಿ ಕಾಣುತ್ತೇನೆ. ತಿಳಿದವರ ಮಾತನ್ನು ತಿಳಿಯದವರಿಗೆ, ಅವರದೇ ನುಡಿಯಲ್ಲಿ, ಅರ್ಥ ಕೆಡದಂತೆ ಮುಟ್ಟಿಸುವುದು: ಶಿಕ್ಷಕನ ಕಾಯಕ ಇದಲ್ಲದೆ ಮತ್ತೇನು? ಹದಿಹರೆಯದ ಹುಡುಗನ ಮೇಲೆ ಅಷ್ಟು ದೊಡ್ಡ ಭರವಸೆಯಿಟ್ಟು ಆ ಹೊಣೆಯನ್ನು ವಹಿಸಿದ ಶಾಲೆಯ ಹಿರಿಯರನ್ನೂ ಇಲ್ಲಿ ನೆನೆಯಬೇಕು. ಮಗುವಿನಲ್ಲಿರುವ ಶಕ್ತಿ ಮಗುವಿಗೇ ತಿಳಿಯಬೇಕಾದರೆ ಹಿರಿಯರು ಒಮ್ಮೆಯಾದರೂ ಅದರ ಮೇಲೆ ಭಾರ ಹೊರಿಸಬೇಕು.

1942ರ ಚಳವಳಿಯಲ್ಲಿ ನರಸಿಂಹಯ್ಯನವರು ಓದನ್ನು ಬಿಟ್ಟು ಸೆರೆಮನೆ ಸೇರಿದರು. ಹೊರಬಂದು ಓದು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರ ಕುರಿತು ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಆ ಕಾಲಕ್ಕೆ ಅಂಥ ಪದವಿ ಪಡೆದವರಿಗೆ ಹೊರದೇಶದಲ್ಲಿ ಬದುಕು ಕಟ್ಟಿಕೊಳ್ಳುವುದು ಕಷ್ಟವಾಗಿರಲಿಲ್ಲ. ಅವರು ಮರಳಿ ಬಂದದ್ದು ಅದೇ ಕಾಲೇಜಿಗೆ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿ, ತರಗತಿಯಲ್ಲಿ ಕೂರಲಾಗದವರಿಗೂ ವಿಜ್ಞಾನದ ಉಪನ್ಯಾಸಗಳನ್ನು ಮುಟ್ಟಿಸಿದರು. ತಾವು ನಡೆದು ಬಂದ ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ಕಾಲೇಜುಗಳು ಏಳುವಂತೆ ನೋಡಿಕೊಂಡರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1984ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಇಷ್ಟೆಲ್ಲ ಆದರೂ ಅವರು ವಾಸವಾಗಿದ್ದುದು ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ. 2005ರ ಜನವರಿ 31ರಂದು ಅವರು ತೀರಿಕೊಂಡರು.

ನರಸಿಂಹಯ್ಯನವರು ಆಸ್ತಿಕರೆಂದು ತಮ್ಮನ್ನು ಕರೆದುಕೊಂಡವರಲ್ಲ. ಪವಾಡಗಳನ್ನು ಪ್ರಶ್ನಿಸಿದವರು, ಏಕೆ, ಹೇಗೆ ಎಂದು ಕೇಳದೆ ಯಾವುದನ್ನೂ ಒಪ್ಪಬೇಡಿರೆಂದು ವಿದ್ಯಾರ್ಥಿಗಳಿಗೆ ಕಲಿಸಿದವರು. ಅಂಥವರ ಹೆಸರು ಭಕ್ತರ ಪುಟದಲ್ಲೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾಯಕವನ್ನು ಅಳೆಯಲು ಶರಣರು ಹಿಡಿದ ಅಳತೆಗೋಲನ್ನೇ ಇಲ್ಲಿ ಹಿಡಿದು ನೋಡೋಣ. ಕೆಲಸದಲ್ಲಿ ನಿಷ್ಠೆ ಇದ್ದಿತೇ? ಬೇಕಾದುದಕ್ಕಿಂತ ಹೆಚ್ಚಿನದನ್ನು ಕೂಡಿಡದ ಸರಳತೆ ಇದ್ದಿತೇ? ಗಳಿಸಿದ್ದು ಸಮಾಜಕ್ಕೆ ಸಂದಿತೇ? ಮೂರಕ್ಕೂ ಹೌದೆಂಬ ಉತ್ತರ ಆ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಇದೆ. ಪ್ರಶ್ನೆಗೆ ಹೆದರದಿರುವುದೂ ಶರಣರ ದಾರಿಯೇ. ಅನುಭವ ಮಂಟಪ ನಡೆದದ್ದು ಪ್ರಶ್ನೋತ್ತರದಿಂದ.

ಹೆಣ್ಣುಮಕ್ಕಳ ಮಾತು ಬಿಟ್ಟರೆ ವಿಚಾರ ಅರ್ಧವಾದೀತು. ಇಂದು ವಿಮಾನ ನಿಲ್ದಾಣದಿಂದ ಹೆಸರಾಗಿರುವ ದೇವನಹಳ್ಳಿಯಲ್ಲಿ 1935ರಲ್ಲಿ ಜನಿಸಿದವರು ಡಾ. ಕಮಲಾ ಹಂಪನಾ. ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸುವುದೇ ವಿರಳವಾಗಿದ್ದ ಕಾಲದಲ್ಲಿ ಓದಿ, 1959ರಲ್ಲಿ ಕನ್ನಡ ಅಧ್ಯಾಪಕ ವೃತ್ತಿಗೆ ಕಾಲಿಟ್ಟು, ಪ್ರಾಂಶುಪಾಲರ ಹುದ್ದೆಯವರೆಗೆ ಏರಿದರು. ಪ್ರಾಚೀನ ಸಾಹಿತ್ಯದ ಸಂಶೋಧನೆಯಲ್ಲಿ ಹೆಸರಾದರು. 2003ರಲ್ಲಿ ಮೂಡಬಿದಿರೆಯಲ್ಲಿ ನಡೆದ 71ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಆ ಪೀಠವನ್ನೇರಿದ ಮೂರನೆಯ ಮಹಿಳೆ ಅವರು. 2024ರ ಜೂನ್ ತಿಂಗಳಲ್ಲಿ ಅವರು ನಿಧನರಾದರು. "ಹೆಣ್ಣುಮಕ್ಕಳಿಗೆ ಟೀಚರ್ ಕೆಲಸ ಅನುಕೂಲ, ಬೇಗ ಮನೆಗೆ ಬರಬಹುದು" ಎಂದು ಇಂದಿಗೂ ಹೇಳುವವರಿದ್ದಾರೆ. ಆ ಕೆಲಸವನ್ನು ಅನುಕೂಲದ ದೃಷ್ಟಿಯಿಂದ ಆಯ್ದುಕೊಂಡಿದ್ದರೆ ಹಳಗನ್ನಡದ ಹಸ್ತಪ್ರತಿಗಳ ಮುಂದೆ ವರ್ಷಗಟ್ಟಲೆ ಕೂರುವ ಅಗತ್ಯ ಅವರಿಗಿರಲಿಲ್ಲ.

ಒಲವು ಸಾಹಿತ್ಯದ ಮೇಲೆಯೇ ಇರಬೇಕೆಂದೇನೂ ಇಲ್ಲ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ದಿನವೂ ವಾಹನ ದಟ್ಟಣೆಯಲ್ಲಿ ಸಿಲುಕುವ ನಮ್ಮಲ್ಲಿ ಅನೇಕರಿಗೆ ಪಕ್ಕದ ನೆಲದ ಇತಿಹಾಸ ತಿಳಿದಿರಲಿಕ್ಕಿಲ್ಲ. 1899ರಲ್ಲಿ ಮೈಸೂರಿನ ರಾಜಮಾತೆ ಕೆಂಪನಂಜಮ್ಮಣ್ಣಿಯವರು ಕೃಷಿ ಸಂಶೋಧನೆಗೆಂದು ಇಲ್ಲಿ 30 ಎಕರೆ ಭೂಮಿ ಕೊಡಿಸಿದರು. ಕೀಟಗಳ ಹಾಗೂ ಸಸ್ಯರೋಗಗಳ ಅಧ್ಯಯನದಲ್ಲಿ ಆಸಕ್ತಿಯಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಅವರ ಕಾಲದಲ್ಲಿ, 1913ರಲ್ಲಿ, ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಅದೇ ನೆಲದಲ್ಲಿ 1946ರಲ್ಲಿ ಕಾಲೇಜು ಬಂತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು. ಕೀಟದ ರೆಕ್ಕೆಯ ಮೇಲೆ ಒಬ್ಬರಿಗಿದ್ದ ಕುತೂಹಲ ಶಾಲೆಯೊಂದರ ಹುಟ್ಟಿಗೂ ನೆರವಾಗಬಲ್ಲದು. ಹಿತ್ತಿಲಲ್ಲಿ ಇರುವೆಯ ಸಾಲನ್ನು ಹಿಂಬಾಲಿಸುತ್ತ ಊಟ ಮರೆಯುವ ಮಗುವನ್ನು ಗದರಿಸುವ ಮುನ್ನ ಈ ಮಾತನ್ನು ನೆನೆಯಬೇಕು.

ಹಾಗಾದರೆ ಬೋಧನೆಯ ಒಲವನ್ನು ಮಗುವಿನಲ್ಲಿ ಗುರುತಿಸುವುದು ಹೇಗೆ? ಎಲ್ಲ ಮಕ್ಕಳೂ ಟೀಚರ್ ಆಟ ಆಡುತ್ತಾರೆ. ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾರೆ, ಕೈಯಲ್ಲೊಂದು ಕೋಲು ಹಿಡಿದು ತಮ್ಮತಂಗಿಯರಿಗೆ ಹಾಜರಿ ಕೂಗುತ್ತಾರೆ. ಇದನ್ನು ಕಂಡು ನಮ್ಮ ಮಗು ಟೀಚರ್ ಆಗುತ್ತದೆಂದು ನಿರ್ಧರಿಸಬೇಕಾಗಿಲ್ಲ. ಅಲ್ಲಿ ಮಗುವಿಗೆ ಇಷ್ಟವಾಗಿರುವುದು ಬಹುಪಾಲು ಕೋಲು. ಇತರರು ತನ್ನ ಮಾತು ಕೇಳಬೇಕೆಂಬ ಆಸೆ ಅದು, ಅಧಿಕಾರದ ಆಸೆ. ಈ ಆಸೆಯೊಂದನ್ನೇ ಹಿಡಿದು ತರಗತಿಗೆ ಬಂದ ಶಿಕ್ಷಕರಿಂದ ಮಕ್ಕಳಿಗೆ ಆಗುವ ಹಾನಿ ಅಷ್ಟಿಷ್ಟಲ್ಲ.

ನಿಜವಾದ ಲಕ್ಷಣ ಬೇರೆಯಿದೆ. ತಮ್ಮನಿಗೆ ಭಾಗಾಕಾರ ಅರ್ಥವಾಗದಿದ್ದಾಗ "ನಿನಗೆ ತಲೆಯಿಲ್ಲ" ಎಂದು ಎದ್ದುಹೋಗುವ ಮಕ್ಕಳು ಹೆಚ್ಚು. ಅರ್ಥವಾಗಲಿಲ್ಲವೆಂದು ಕಂಡೊಡನೆ ಅಡುಗೆಮನೆಯಿಂದ ಕಡಲೆಕಾಯಿ ತಂದು, ಗುಂಪು ಮಾಡಿ, ಇನ್ನೊಂದು ಬಗೆಯಲ್ಲಿ ಹೇಳಿನೋಡುವ ಮಗು ನೂರರಲ್ಲಿ ಒಂದೋ ಎರಡೋ. ಇನ್ನೊಬ್ಬರ ತಿಳಿವಳಿಕೆ ಎಲ್ಲಿ ತಡೆದು ನಿಂತಿದೆ ಎಂದು ಹುಡುಕುವ ತಾಳ್ಮೆ, ಅವರ ಮುಖ ಅರಳಿದಾಗ ತನ್ನ ಮುಖವೂ ಅರಳುವ ಗುಣ, ಇವು ಕಂಡರೆ ಆ ಮಗುವಿನಲ್ಲಿ ಗುರುತ್ವದ ಮೊಳಕೆಯಿದೆಯೆಂದು ತಿಳಿಯಬಹುದು. ಅದರೊಡನೆ ಒಂದು ವಿಷಯದ ಮೇಲೆ ನೈಜವಾದ ಪ್ರೀತಿಯೂ ಇರಬೇಕು. ವಿಷಯಪ್ರೀತಿಯಿಲ್ಲದೆ ಮಕ್ಕಳ ಮೇಲಿನ ಪ್ರೀತಿ ಮಾತ್ರ ಇದ್ದರೆ ಒಳ್ಳೆಯ ಪೋಷಕರಾಗಬಹುದು. ಮಕ್ಕಳ ಮೇಲೆ ಪ್ರೀತಿಯಿಲ್ಲದೆ ವಿಷಯಪ್ರೀತಿ ಮಾತ್ರ ಇದ್ದರೆ ಒಳ್ಳೆಯ ವಿದ್ವಾಂಸರಾಗಬಹುದು. ಶಿಕ್ಷಕರಾಗಲು ಎರಡೂ ಬೇಕು.

ಈ ಮಾತಿಗೆ ಎದುರು ಮಾತುಗಳಿವೆ. ಮೊದಲನೆಯದು: ಬಾಲ್ಯದ ಆಸೆಗಳು ನಿಲ್ಲುವಂಥವಲ್ಲ. ಯಲಹಂಕದ ಮಕ್ಕಳನ್ನು ಕೇಳಿದರೆ ಅರ್ಧದಷ್ಟು ಮಂದಿ ಪೈಲಟ್ ಆಗುತ್ತೇವೆಂದಾರು. 1996ರಿಂದಲೂ ವಾಯುನೆಲೆಯಲ್ಲಿ ನಡೆದು ಬಂದ ವೈಮಾನಿಕ ಪ್ರದರ್ಶನಗಳನ್ನೂ ಜಕ್ಕೂರಿನಿಂದ ಏಳುವ ಪುಟ್ಟ ವಿಮಾನಗಳನ್ನೂ ತಲೆಯೆತ್ತಿ ನೋಡುತ್ತ ಬೆಳೆದವರು ಅವರು. ಅವರೆಲ್ಲ ಪೈಲಟ್ ಆಗುವುದಿಲ್ಲವಷ್ಟೆ. ಇದು ನಿಜ. ಬಾಲ್ಯದ ಒಲವು ವಿಧಿಲಿಖಿತವೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ಪುಟ್ಟಪ್ಪ ಕನ್ನಡದ ಗುರುವಾದುದನ್ನು ಮೇಲೆ ನೋಡಿದೆವು. ಒಲವು ತಿರುವು ಪಡೆಯಬಹುದು, ತಡವಾಗಿಯೂ ಬರಬಹುದು. ಆಕಸ್ಮಿಕವಾಗಿ ಈ ವೃತ್ತಿಗೆ ಬಂದು ಉತ್ತಮ ಶಿಕ್ಷಕರಾದವರೂ ಇದ್ದಾರೆ. ಪೈಲಟ್ ಆಗುತ್ತೇನೆಂದ ಮಗುವಿನ ಮಾತಿಗೆ ನಾವು ನಕ್ಕು, ಬೆನ್ನು ತಟ್ಟಿ, ಮಾದರಿ ವಿಮಾನ ತಂದುಕೊಡುತ್ತೇವೆ. ಮೇಷ್ಟ್ರಾಗುತ್ತೇನೆಂದ ಮಗುವಿಗೆ ಮಾತ್ರ "ಅದೆಲ್ಲ ಬೇಡ ಕಂದ" ಎನ್ನುತ್ತೇವೆ. ನನ್ನ ಆಕ್ಷೇಪಣೆ ಇರುವುದು ಈ ಭೇದಕ್ಕೆ.

ಮತ್ತೊಂದು ಸಂಗತಿಯನ್ನೂ ಪೋಷಕರು ತಿಳಿದಿರಬೇಕು. ಪದವಿ ಮುಗಿದ ಮೇಲೆ ನೋಡೋಣ ಎನ್ನುವ ಕಾಲ ಮುಗಿಯುತ್ತ ಬಂದಿದೆ. ಹಿಂದೆ ಒಂದು ವರ್ಷದ್ದಾಗಿದ್ದ ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. ಒಂದರಿಂದ ಎಂಟನೆಯ ತರಗತಿಯವರೆಗೆ ಪಾಠ ಹೇಳುವವರಿಗೆ ಶಿಕ್ಷಕರ ಅರ್ಹತಾ ಪರೀಕ್ಷೆ ಬಂದಿದೆ. ಪಿ.ಯು.ಸಿ. ನಂತರವೇ ಸೇರುವ ನಾಲ್ಕು ವರ್ಷಗಳ ಸಂಯುಕ್ತ ಶಿಕ್ಷಕ ಪದವಿಯೇ 2030ರ ವೇಳೆಗೆ ಕನಿಷ್ಠ ಅರ್ಹತೆಯಾಗಬೇಕೆಂಬುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯ. ಇಂಥ ಸಂಯುಕ್ತ ಪದವಿಯ ಶಿಕ್ಷಣ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 1963ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ. ಅಂದರೆ ಹದಿನೇಳು ಹದಿನೆಂಟನೆಯ ವಯಸ್ಸಿಗೇ ಮಗು ತನ್ನ ಒಲವನ್ನು ಅರಿತಿರಬೇಕು. ಅದಕ್ಕೆ ಮುಂಚೆಯೇ ನಾವು ಆ ಮಾತನ್ನು ಬಾಯಿ ಮುಚ್ಚಿಸಿದ್ದರೆ ಆ ಬಾಗಿಲು ಮಗುವಿಗೆ ಕಾಣುವುದೇ ಇಲ್ಲ.

ಎರಡನೆಯ ಎದುರು ಮಾತು ಇನ್ನೂ ಗಟ್ಟಿಯಾದುದು. "ಸ್ವಾಮಿ, ಸಂಬಳವೆಲ್ಲಿದೆ?" ಎಂದು ಪೋಷಕರು ಕೇಳುತ್ತಾರೆ. ಈ ಪ್ರಶ್ನೆಗೆ ತ್ಯಾಗದ ಉಪದೇಶ ಉತ್ತರವಾಗಲಾರದು. ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರೆಂಬ ಹೆಸರಿನಲ್ಲಿ ವರ್ಷ ವರ್ಷವೂ ನೇಮಕಗೊಂಡು ಪಾಠ ಹೇಳುತ್ತ ಬಂದಿದ್ದಾರೆ. ಎಂ.ಎ. ಓದಿ, ಕೆಲವರು ಡಾಕ್ಟರೇಟ್ ಕೂಡ ಪಡೆದು, ಅವರು ತಿಂಗಳಿಗೆ ಪಡೆಯುತ್ತಿದ್ದ ಗೌರವಧನ 2022ರ ಆರಂಭದವರೆಗೆ 11 ರಿಂದ 13 ಸಾವಿರ ರೂಪಾಯಿ. ಹೋರಾಟದ ಬಳಿಕ ಆ ವರ್ಷ ಅದನ್ನು 26 ರಿಂದ 32 ಸಾವಿರದವರೆಗೆ ಏರಿಸಲಾಯಿತು. ಸೇವಾ ಭದ್ರತೆ ಬೇಡಿ 2023ರ ಕೊನೆಯಲ್ಲಿ ಅವರು ಮತ್ತೆ ತರಗತಿ ಬಿಟ್ಟು ಬೀದಿಗಿಳಿದರು. ಖಾಸಗಿ ಶಾಲೆಗಳ ಅನೇಕ ಶಿಕ್ಷಕಿಯರ ಪಾಡು ಇದಕ್ಕಿಂತ ಮೇಲೆಂದು ಹೇಳುವ ಧೈರ್ಯ ನನಗಿಲ್ಲ. ಇದನ್ನೆಲ್ಲ ಕಂಡ ತಾಯಿ ತನ್ನ ಮಗುವಿಗೆ "ಬೇಡ ಕಂದ" ಎಂದರೆ ಅವಳನ್ನು ದೂಷಿಸುವುದು ನ್ಯಾಯವಲ್ಲ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನಪಿಗೆ ಬರುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ದುಡಿಮೆಗೆ ಮೀರಿದುದನ್ನು ಪಡೆಯಬಾರದೆಂಬುದು ಈ ಪ್ರಸಂಗದ ನೀತಿಯೆಂದು ನಾವು ಸಾಮಾನ್ಯವಾಗಿ ವ್ಯಾಖ್ಯಾನಿಸುತ್ತೇವೆ. ಅದೇ ನೀತಿಗೆ ಇನ್ನೊಂದು ಮುಖವೂ ಇದೆಯೆಂಬುದು ನನ್ನ ನಂಬುಗೆ. ದುಡಿಮೆಗೆ ತಕ್ಕುದನ್ನು ಮಾತ್ರ ಪಡೆಯುವುದು ದುಡಿಯುವವನ ಧರ್ಮವಾದರೆ, ದುಡಿಮೆಗೆ ತಕ್ಕುದನ್ನು ಕಡಿಮೆಯಿಲ್ಲದಂತೆ ಕೊಡುವುದು ದುಡಿಸಿಕೊಳ್ಳುವವನ ಧರ್ಮ. ಒಂದನ್ನು ಬೋಧಿಸಿ ಮತ್ತೊಂದನ್ನು ಮರೆಯುವುದು ಕಾಯಕ ತತ್ತ್ವಕ್ಕೆ ಬಗೆವ ಅಪಚಾರ.

ಈ ಮಾತು ಸರ್ಕಾರಕ್ಕೆ ಮಾತ್ರ ಸಲ್ಲುವಂಥದಲ್ಲ. ಕರ್ನಾಟಕದ ವಿದ್ಯಾಕ್ಷೇತ್ರಕ್ಕೆ ಮಠಮಾನ್ಯಗಳು ಸಲ್ಲಿಸಿದ ಸೇವೆ ಅಪಾರ. ಸರ್ಕಾರದ ಶಾಲೆ ಇಲ್ಲದ ಕಡೆ ಶಾಲೆ ತೆರೆದು, ಅನ್ನವಿಲ್ಲದವರಿಗೆ ಅನ್ನವಿಟ್ಟು ಅಕ್ಷರ ಕಲಿಸಿದ್ದು ನಮ್ಮ ಹೆಮ್ಮೆ. ಆ ಹೆಮ್ಮೆಗೆ ತಕ್ಕಂತೆ, ಧಾರ್ಮಿಕ ಸಂಸ್ಥೆಗಳು ನಡೆಸುವ ಶಾಲಾ ಕಾಲೇಜುಗಳೆಲ್ಲವೂ ತಮ್ಮ ಶಿಕ್ಷಕರ ಸಂಬಳದ ಪಟ್ಟಿಯನ್ನು ಒಮ್ಮೆ ಲಕ್ಕಮ್ಮನ ಕಣ್ಣಿನಿಂದ ನೋಡಿಕೊಳ್ಳುವುದು ಒಳಿತು. ದಾಸೋಹ ಎನ್ನುವುದು ಕೊಡುವವನು ಸ್ವಂತ ಇಚ್ಛೆಯಿಂದ ಮಾಡುವ ಅರ್ಪಣೆ. ಇದು ಸೇವೆಯಲ್ಲವೇ ಎಂದು ಹೇಳಿ ಶಿಕ್ಷಕಿಯ ಸಂಬಳದಿಂದ ಹಿಡಿದುಕೊಂಡದ್ದು ದಾಸೋಹವಾಗುವುದಿಲ್ಲ. ಕಟ್ಟಡಕ್ಕೆ ದೇಣಿಗೆ ನೀಡಿ ಕಲ್ಲಿನಲ್ಲಿ ಹೆಸರು ಕೆತ್ತಿಸುವ ದಾನಿಗಳು, ಒಬ್ಬ ಶಿಕ್ಷಕರ ಒಂದು ವರ್ಷದ ನ್ಯಾಯವಾದ ಸಂಬಳಕ್ಕೆ ದೇಣಿಗೆ ನೀಡುವ ಪದ್ಧತಿಯೂ ನಮ್ಮಲ್ಲಿ ಬೆಳೆಯಬೇಕು. ಅದಕ್ಕೆ ಕಲ್ಲು ಬೇಕಾಗಿಲ್ಲ. ಆ ತರಗತಿಯ ಮಕ್ಕಳೇ ಸಾಕ್ಷಿ.

ನಾವು ನಮ್ಮ ಮಟ್ಟದಲ್ಲಿ ಮಾಡಬಹುದಾದ ಕೆಲವು ಕೆಲಸಗಳನ್ನು ವಿನಯಪೂರ್ವಕವಾಗಿ ಸೂಚಿಸುತ್ತೇನೆ. ಪೋಷಕರು ಮಕ್ಕಳ ಎದುರಿನಲ್ಲಿ ಶಿಕ್ಷಕರನ್ನು ಹಗುರವಾಗಿ ಆಡಿಕೊಳ್ಳುವುದನ್ನು ಬಿಡಬೇಕು. ಪಾಠದಲ್ಲಿ ದೋಷವಿದ್ದರೆ ಶಾಲೆಗೆ ಹೋಗಿ ಶಿಕ್ಷಕರೊಡನೆಯೇ ಮಾತಾಡಬಹುದು. ಊಟದ ಹೊತ್ತಿನಲ್ಲಿ ಮೇಷ್ಟ್ರನ್ನು ನಗೆಪಾಟಲು ಮಾಡುವ ಮನೆಯಲ್ಲಿ ಮೇಷ್ಟ್ರಾಗಬೇಕೆಂಬ ಆಸೆ ಹುಟ್ಟಲಾರದು. ಶಿವರುದ್ರಪ್ಪನವರು ಬೆಳೆದದ್ದು ಆ ವೃತ್ತಿಯೇ ಅನ್ನ ಕೊಡುತ್ತಿದ್ದ ಮನೆಯಲ್ಲಿ ಎಂಬುದನ್ನು ಮರೆಯಬಾರದು.

ಯಲಹಂಕ ಉಪನಗರ, ಸಹಕಾರನಗರ, ಆರ್.ಟಿ. ನಗರ, ಯಶವಂತಪುರಗಳಲ್ಲಿ ನಿವೃತ್ತ ಉಪಾಧ್ಯಾಯರು ಅನೇಕರು ವಾಸವಾಗಿದ್ದಾರೆ. ಬೆಳಗಿನ ವಾಯುವಿಹಾರ ಮುಗಿದ ಮೇಲೆ ಅವರಲ್ಲಿ ಹಲವರಿಗೆ ದಿನ ದೊಡ್ಡದು. ಭಾನುವಾರದ ಒಂದು ಗಂಟೆ ಅವರನ್ನೂ ಬಡಾವಣೆಯ ಮಕ್ಕಳನ್ನೂ ಒಂದೆಡೆ ಸೇರಿಸಿದರೆ ಎರಡು ಕಡೆಗೂ ಲಾಭ. ಪಿ.ಯು.ಸಿ. ಓದುವ ಹುಡುಗ ಹುಡುಗಿಯರಿಗೆ ಆರನೆಯ ತರಗತಿಯ ಮಕ್ಕಳಿಗೆ ಗಣಿತವನ್ನೋ ಕನ್ನಡವನ್ನೋ ಹೇಳಿಕೊಡುವ ಹೊಣೆ ವಹಿಸಿ, ಹಿರಿಯ ಉಪಾಧ್ಯಾಯರು ಹಿಂದೆ ಕುಳಿತು ನೋಡಲಿ. ವಚನ ತರಗತಿಗಳಲ್ಲಿಯೂ ಇದೇ ಪದ್ಧತಿ ಬರಲಿ. ಹಿರಿಯ ಮಗು ಒಂದು ವಚನದ ಅರ್ಥವನ್ನು ತಾನೇ ಅರಿತು ಕಿರಿಯರಿಗೆ ತನ್ನ ಮಾತಿನಲ್ಲಿ ಹೇಳಲಿ, ಕಿರಿಯರು ಪ್ರಶ್ನೆ ಕೇಳಲಿ. ಗಾಂಧೀಜಿಯವರ ಮಾತನ್ನು ಕನ್ನಡಕ್ಕೆ ತರುವ ಅವಕಾಶ ಎಲ್ಲರಿಗೂ ಒದಗುವುದಿಲ್ಲ. ಆದರೆ ಹತ್ತು ಮಕ್ಕಳೆದುರು ನಿಂತು ಒಂದು ವಿಷಯವನ್ನು ತಿಳಿಯಹೇಳುವ ಅವಕಾಶವನ್ನು ಪ್ರತಿಯೊಂದು ಬಡಾವಣೆಯೂ ತನ್ನ ಮಕ್ಕಳಿಗೆ ಒದಗಿಸಬಲ್ಲದು. ಹತ್ತರಲ್ಲಿ ಎಂಟು ಮಂದಿಗೆ ಈ ಕೆಲಸ ತಮ್ಮದಲ್ಲವೆಂದು ತಿಳಿದುಬಂದೀತು, ಅದೂ ಲಾಭವೇ. ಉಳಿದ ಇಬ್ಬರಿಗೆ ತಮ್ಮ ದಾರಿ ಕಂಡೀತು.

ವರ್ಷಕ್ಕೊಮ್ಮೆ ಸೆಪ್ಟೆಂಬರ್ 5ರಂದು ಶಿಕ್ಷಕರಿಗೆ ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುವ ಸಂಪ್ರದಾಯ 1962ರಿಂದ ನಡೆದು ಬಂದಿದೆ. ಅದು ನಡೆಯಲಿ. ಅದರೊಡನೆ, ಮುಂದಿನ ಸಲ ಮನೆಯ ಮಗು ತಾನು ಮೇಷ್ಟ್ರಾಗುತ್ತೇನೆಂದು ಹೇಳಿದಾಗ, "ಯಾವ ವಿಷಯ ಕಲಿಸಬೇಕೆಂದಿದ್ದೀಯಪ್ಪ?" ಎಂದು ಒಂದು ಪ್ರಶ್ನೆ ಕೇಳಿ, ಅದು ಕೊಡುವ ಉತ್ತರವನ್ನು ಪೂರ್ತಿಯಾಗಿ ಆಲಿಸೋಣ. ಹಾರ ಶಾಲುಗಳಿಗಿಂತ ಆ ಆಲಿಸುವಿಕೆಯೇ ಶಿಕ್ಷಕ ಕುಲಕ್ಕೆ ನಾವು ಸಲ್ಲಿಸುವ ದೊಡ್ಡ ಗೌರವವಾದೀತು.